ಕಣ್ಣಿಟ್ಟ ಬಾಳೆಹಣ್ಣು

ಎಡಿಸನ್, ನ್ಯೂಜೆರ್ಸಿ. 2024, ಅಕ್ಟೋಬರ್ 6

ಬಾಳೆಹಣ್ಣು ಸುಲಿದು, ಅಡ್ಡಕ್ಕೆ ಎರಡು ತುಂಡು ಮಾಡಿ, ಕೊಯ್ದ ಕಡೆ ಕೆಳಗಾಗುವಂತೆ ತಟ್ಟೆಯಲ್ಲಿ ನಿಲ್ಲಿಸಿದಳು ಮಗಳು. ಚೂಪಾದ ತುದಿಯ ಹತ್ತಿರ ಎರಡು ಚಾಕೊಲೇಟ್ ಚೂರು ಚುಚ್ಚಿದಳು, ಬಾಯಿಗೆಂದು ಕೆಳಗೆ ಇನ್ನೊಂದು. ಅಷ್ಟೇ. ಒಂದು ಕ್ಷಣದ ಹಿಂದೆ ಬರೀ ಹಣ್ಣಾಗಿದ್ದದ್ದು ಈಗ ನನ್ನನ್ನೇ ನೋಡುತ್ತಿತ್ತು.

"ದೆವ್ವ, ಅಜ್ಜಿ!" ಎಂದ ಮೊಮ್ಮಗ. ಒಂಬತ್ತು ವರ್ಷದ ಹುಡುಗ, ಬಾಳೆಹಣ್ಣು ಕೊಟ್ಟರೆ ಮುಖ ತಿರುಗಿಸುವವನು. ಎರಡು ದೆವ್ವ ತಿಂದ.

ಇಲ್ಲಿನವರ ಹ್ಯಾಲೋವೀನ್ ಹಬ್ಬ 31ಕ್ಕೆ. ಅದರ ಹಿಂದಿನ ಶನಿವಾರ ಈ ಮನೆಯಲ್ಲಿ ಐದಾರು ಸಂಸಾರಗಳ ಊಟ. ತಿಂಡಿ ನೋಡಿದರೆ ಹೆದರಿಕೆಯಾಗಬೇಕು, ಬಾಯಿಗಿಟ್ಟರೆ ಇನ್ನೊಂದು ಬೇಕೆನಿಸಬೇಕು. ನಾನು ತೀರ್ಥಹಳ್ಳಿ ಕಡೆಯವಳು. ಅನ್ನದಲ್ಲಿ ಒಂದು ಕೂದಲು ಕಂಡರೆ ಎಲೆಯನ್ನೇ ಬದಲಿಸುವ ಮನೆಯಲ್ಲಿ ಬೆಳೆದೆ. ಇಲ್ಲಿ ಹುಳ, ಬೆರಳು, ಕಣ್ಣುಗುಡ್ಡೆ ತಟ್ಟೆಯಲ್ಲಿ ಕಾಣಲೆಂದು ತಾಯಂದಿರು ಇಷ್ಟು ಅಕ್ಕರೆಯಿಂದ ದುಡಿಯುತ್ತಾರೆ. ಏಕೆ? ಬರೆದಿಟ್ಟುಕೊಳ್ಳುತ್ತೇನೆ.

ಅಕ್ಟೋಬರ್ 12

ನಿನ್ನೆ ಆಯುಧಪೂಜೆ. ಅಳಿಯ ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟ. ಊರಿನಲ್ಲಾದರೆ ಬೂದುಗುಂಬಳಕ್ಕೆ ತೂತು ಕೊರೆದು, ಕುಂಕುಮ ತುಂಬಿ ಒಡೆಯುತ್ತೇವೆ. ದಾರಿಯೆಲ್ಲ ರಕ್ತ ಚೆಲ್ಲಿದ ಹಾಗೆ ಕೆಂಪಾಗುತ್ತದೆ. ಕಟ್ಟುವ ಮನೆಯ ಮುಂದೆ ಕೋರೆಹಲ್ಲಿನ ರಾಕ್ಷಸನ ಮುಖ ಬರೆದ ಕುಂಬಳಕಾಯಿ ತೂಗುಹಾಕುತ್ತೇವೆ. ಅದನ್ನು ನೋಡಿ ನನಗೆ ಎಂದೂ ವಿಚಿತ್ರವೆನಿಸಿರಲಿಲ್ಲ. ಈ ಬೀದಿಯ ಮೆಟ್ಟಿಲುಗಳ ಮೇಲೆ ಕೂತ ಸಿಹಿಗುಂಬಳಗಳನ್ನು ಕಂಡು ಏಕೆ ಬೆರಗಾದೆನೋ.

ಪಕ್ಕದ ಮನೆಯಾಕೆಯ ಹಿರಿಯರು ಐರ್ಲೆಂಡಿನವರು. ಅಲ್ಲಿ ಮೊದಲು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರಂತೆ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಾಗ ಲಕ್ಷಾಂತರ ಜನ ಹಡಗು ಹತ್ತಿ ಬಂದರು. ಇಲ್ಲಿ ಕುಂಬಳಕಾಯಿ ದೊಡ್ಡದು, ಕೊರೆಯಲೂ ಸುಲಭ. ಹ್ಯಾಲೋವೀನ್ ರಾತ್ರಿಗೆಂದು ಅವರು ಬಾರ್ಮ್‌ಬ್ರ್ಯಾಕ್ ಎಂಬ ಒಣದ್ರಾಕ್ಷಿ ಬ್ರೆಡ್ ಮಾಡಿ ಒಳಗೊಂದು ಉಂಗುರ ಹುದುಗಿಸುತ್ತಾರೆ. ಉಂಗುರ ಯಾರ ಚೂರಿಗೆ ಬಂತೋ ಅವರಿಗೆ ವರ್ಷದೊಳಗೆ ಮದುವೆ. ಸತ್ತವರು ಮನೆಗೆ ಬರುತ್ತಾರೆಂದು ಅವರ ಪಾಲಿನ ಊಟವನ್ನೂ ತೆಗೆದಿಡುತ್ತಿದ್ದರು. ಇದೇ 2ರಂದು, ಮಹಾಲಯ ಅಮಾವಾಸ್ಯೆಗೆ, ನಾವೂ ಎಡೆ ಇಟ್ಟಿದ್ದೆವು. ನಮ್ಮವರಿಗೆ ಇಷ್ಟವಾದ ಕೆಸುವಿನ ಪತ್ರೊಡೆ ಇಲ್ಲಿ ಮಾಡಲಾಗಲಿಲ್ಲವೆಂಬ ಕೊರಗು ಇನ್ನೂ ಇದೆ.

ಅಕ್ಟೋಬರ್ 20

ಮಾಟಗಾತಿಯ ಬೆರಳು. ಬೆಣ್ಣೆ, ಸಕ್ಕರೆ, ಮೈದಾದ ಬಿಸ್ಕತ್ತಿನ ಹಿಟ್ಟನ್ನು ಬೆರಳಿನಂತೆ ಹೊಸೆದು, ಗೆಣ್ಣುಗಳಿರುವಲ್ಲಿ ಚಾಕುವಿನಿಂದ ಗೀರಿ, ತುದಿಗೆ ಉಗುರೆಂದು ಬಾದಾಮಿ ಒತ್ತಿ ಬೇಯಿಸುತ್ತಾರೆ. ಉಗುರಿನ ಬುಡಕ್ಕೆ ಕೆಂಪು ಜಾಮ್. ಮೊದಲ ಸಲ ನಿಜವಾದ ಬೆರಳಿನ ಗಾತ್ರಕ್ಕೆ ಹೊಸೆದೆವು. ಒಲೆಯಲ್ಲಿ ಬೆಣ್ಣೆ ಕರಗಿ, ಹರಡಿ, ಬಾತ ಕಾಲ್ಬೆರಳಾದವು. ಎರಡನೆಯ ಸಲ ಪೆನ್ಸಿಲಿನಷ್ಟು ಸಣ್ಣಗೆ ಹೊಸೆದು, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಬೇಯಿಸಿದ ಮೇಲೆ ಸರಿಹೋಯಿತು.

ನನ್ನ ಕೈ ಸುಮ್ಮನಿರಲಿಲ್ಲ. ಕೋಡುಬಳೆ ಹಿಟ್ಟು ಕಲಸಿದೆ. ಬಳೆ ಸುತ್ತದೆ ನೆಟ್ಟಗೆ ಬಿಟ್ಟರೆ ಅದೂ ಬೆರಳೇ. ಖಾರದ ಪುಡಿಯಿಂದ ಬಣ್ಣ ಇನ್ನೂ ಭಯಂಕರ. ಆದರೆ ಉಗುರಿಗಿಟ್ಟ ಬಾದಾಮಿ ಕರಿಯುವಾಗ ಎಣ್ಣೆಯಲ್ಲಿ ಕಳಚಿ ಬಿತ್ತು. ಕಡಲೆಬೀಜದ ಬೇಳೆ ಒತ್ತಿದೆ, ನಿಂತಿತು. ಸಂಜೆ ಮಗಳು ನೋಡಿ, "ಅಮ್ಮ, ಬರುವ ಮಕ್ಕಳಲ್ಲಿ ಒಬ್ಬನಿಗೆ ಕಡಲೆಬೀಜ, ಬಾದಾಮಿ ಯಾವುದೂ ಆಗಲ್ಲ. ಉಸಿರೇ ಕಟ್ಟುತ್ತೆ" ಎಂದಳು. ಎದುರುಮನೆಯ ಮೆಟ್ಟಿಲ ಮೇಲೆ ಒಂದು ಕುಂಬಳಕಾಯಿಗೆ ಮಾತ್ರ ನವಿಲುನೀಲಿ ಬಣ್ಣ ಬಳಿದಿದ್ದೇಕೆಂದು ಆಗ ತಿಳಿಯಿತು. ಹ್ಯಾಲೋವೀನ್ ರಾತ್ರಿ ಮಿಠಾಯಿ ಕೇಳಿಕೊಂಡು ಮನೆಮನೆಗೆ ಬರುವ ಮಕ್ಕಳಲ್ಲಿ ಅಲರ್ಜಿ ಇರುವವರಿಗೆ ಅದರ ಬದಲು ಆಟಿಕೆ ಸಿಗುತ್ತದೆಂಬ ಗುರುತಂತೆ. 2014ರಿಂದ ದೇಶದೆಲ್ಲೆಡೆ ಹಬ್ಬಿದೆ. ಬಾಗಿಲು ತಟ್ಟುವ ಮೊದಲೇ ಆ ಮಗುವಿಗೆ ನಿನ್ನ ಪಾಲೂ ಇದೆ ಎಂದು ಹೇಳುವ ಕುಂಬಳಕಾಯಿ. ಬಹಳ ಹೊತ್ತು ಕಿಟಕಿಯಲ್ಲಿ ನಿಂತು ನೋಡಿದೆ.

ಅಕ್ಟೋಬರ್ 23

ಇವತ್ತು ನಮ್ಮ ಕುಂಬಳಕಾಯಿ ಕೊರೆದರು. ಬೇಗ ಕೊರೆದರೆ ಬೂಸು ಹಿಡಿಯುತ್ತದೆಂದು ಇಷ್ಟು ದಿನ ಕಾದದ್ದು. ತಿರುಳಿನ ಜೊತೆ ಒಂದು ಬೋಗುಣಿ ಬೀಜ ಬಂತು. ತೊಳೆದು ಒರೆಸುವಾಗ ಕಂಡಿತು: ಬಿಳುಚಿದ, ತುದಿ ಚೂಪಾದ ಬೀಜ, ಥೇಟ್ ಉಗುರು! ಹಿಟ್ಟಿಗೆ ಒತ್ತಿದರೆ ಕಚ್ಚಿ ಕೂರುತ್ತದೆ. ಆ ಮಗುವಿನ ಮನೆಗೆ ಮಗಳು ಫೋನ್ ಮಾಡಿ ಕುಂಬಳ ಬೀಜ ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದಂತೆ. ಪಾತ್ರೆ, ಲಟ್ಟಣಿಗೆ, ಕೈ ಎಲ್ಲ ತೊಳೆದು, ಹೊಸ ಎಣ್ಣೆಯಿಟ್ಟು ಮತ್ತೆ ಕಲಸಿದೆ.

ಬಣ್ಣದ ವಿಚಾರ. ಕೆಂಪಿಗೆ ಬೀಟ್‌ರೂಟ್. ಕಪ್ಪಿಗೆ ಇದ್ದಿಲ ಪುಡಿ ಹಾಕುತ್ತಾರೆಂದು ಕೇಳಿದ್ದೆ. ಅದು ಹೊಟ್ಟೆಯಲ್ಲಿರುವ ಔಷಧಿಯನ್ನೂ ಹೀರಿಕೊಳ್ಳುತ್ತದೆ. ನ್ಯೂಯಾರ್ಕ್ ನಗರದಲ್ಲಿ 2018ರಲ್ಲೇ ಹೋಟೆಲಿನವರಿಗೆ ಅದನ್ನು ಹಾಕದಂತೆ ತಡೆದರು. ಬಿಪಿ ಮಾತ್ರೆ ನುಂಗುವ ನಾನೂ ತಿನ್ನುವವಳೇ ತಾನೆ. ಕರಿ ಎಳ್ಳು ಹುರಿದು ಪುಡಿ ಮಾಡಿದೆ.

ನೀಲಿಗೆ ಶಂಖಪುಷ್ಪ. ನಮ್ಮ ಹಿತ್ತಲ ಬೇಲಿಯ ಹೂವು ಇಲ್ಲಿ ಒಣಗಿಸಿದ ಪೊಟ್ಟಣದಲ್ಲಿ ಬಂದಿದೆ. ಬಿಸಿನೀರಿಗೆ ಹಾಕಿದರೆ ಕಡುನೀಲಿ, ನಿಂಬೆರಸ ಹಿಂಡಿದರೆ ನೇರಳೆ. ಮೊಮ್ಮಗ ಇದು ಮಾಟವೆಂದ. ನಾನು ಅರಿಶಿನದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ತೋರಿಸಿದೆ. ಹಳದಿ ನೀರು ಕೆಂಪಗಾಯಿತು. ಆರತಿಯ ಓಕುಳಿಗೆ ನಾವು ಸುಣ್ಣ ಬೆರೆಸುವುದೂ ಇದಕ್ಕೇ. ಹುಳಿ ಒಂದನ್ನು ಬದಲಿಸುತ್ತದೆ, ಕ್ಷಾರ ಇನ್ನೊಂದನ್ನು. ಅವನು ಆರು ಸಲ ಮಾಡಿಸಿದ.

ಅಕ್ಟೋಬರ್ 25, ರಾತ್ರಿ

ಹುಳಗಳು. ಇವರ ಅಂಗಡಿಯ ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ನಾವು ಚೀನಾ ಗ್ರಾಸ್ ಕುದಿಸಿ, ತೆಂಗಿನಹಾಲು, ಸಕ್ಕರೆ ಬೆರೆಸಿ, ಲೋಟದಲ್ಲಿ ಒತ್ತಾಗಿ ನಿಲ್ಲಿಸಿದ ಸ್ಟ್ರಾಗಳಿಗೆ ಸುರಿದೆವು. ಹೆಪ್ಪುಗಟ್ಟಲು ಫ್ರಿಜ್ಜೂ ಬೇಕಾಗಲಿಲ್ಲ. ಆದರೆ ಚೀನಾ ಗ್ರಾಸ್ ಬಳುಕುವುದಿಲ್ಲ, ಮುರಿಯುತ್ತದೆ. ಸ್ಟ್ರಾ ಹಿಂಡಿದಾಗ ಅರ್ಧಕ್ಕರ್ಧ ತುಂಡಾಗಿ ಬಂದವು. ಗಿಡ್ಡಗೆ, ಬೆಳ್ಳಗೆ, ಗೊಬ್ಬರಗುಂಡಿಯ ಗೊಣ್ಣೆಹುಳುವೇ. ಚಾಕೊಲೇಟ್ ಬಿಸ್ಕತ್ತಿನ ಪುಡಿಯ ಮಣ್ಣಿನಲ್ಲಿ ಅರ್ಧ ಹೂತಿಟ್ಟಾಗ ನನಗೇ ಮೈ ಜುಂ ಎಂದಿತು.

ಅಕ್ಟೋಬರ್ 26

ಎಲ್ಲರೂ ಹೋದರು. ಕೈ ನೋಯುತ್ತಿದೆ, ಆದರೂ ಬರೆದೇ ಮಲಗುತ್ತೇನೆ.

ಪಾನಕ ಹೊಗೆಯಾಡಲೆಂದು ಅಳಿಯ ಡ್ರೈ ಐಸ್ ತಂದಿದ್ದ. ಅದು ಸೊನ್ನೆ ಸೆಲ್ಸಿಯಸ್‌ಗಿಂತ 78 ಡಿಗ್ರಿ ಕೆಳಗಿನಷ್ಟು ತಣ್ಣಗಿರುತ್ತದೆ. ಚೂರು ಗಂಟಲಿಗೆ ಹೋದರೆ ಸುಟ್ಟುಬಿಡುತ್ತದೆ. ಬೆಂಗಳೂರಿನ ಆರತಕ್ಷತೆಯೊಂದರಲ್ಲಿ ದ್ರವ ಸಾರಜನಕದ ಹೊಗೆ ಪಾನ್ ತಿಂದ ಹುಡುಗಿಗೆ ಹೊಟ್ಟೆಯಲ್ಲಿ ತೂತಾಯಿತೆಂದು ಇದೇ ವರ್ಷ ಪತ್ರಿಕೆಯಲ್ಲಿ ಓದಿದ್ದೆ. ನಾನು ಬೇಡವೇ ಬೇಡವೆಂದೆ. ಕೊನೆಗೆ ದೊಡ್ಡ ಪಾತ್ರೆಯಲ್ಲಿ ಬಿಸಿನೀರು, ಡ್ರೈ ಐಸ್. ಅದರೊಳಗೆ ಕೂರಿಸಿದ ಎತ್ತರದ ಬೋಗುಣಿಯಲ್ಲಿ ಪಾನಕ. ಹೊಗೆ ಹೊರಗಿನಿಂದ ಏಳುತ್ತಿತ್ತು, ಲೋಟಕ್ಕೆ ಒಂದು ಚೂರೂ ಬೀಳಲಿಲ್ಲ. ಕಿಟಕಿ ತೆರೆದಿಟ್ಟೆವು, ಮಕ್ಕಳನ್ನು ದೂರ ನಿಲ್ಲಿಸಿದೆವು. ಪಾನಕದಲ್ಲಿ ತೇಲುತ್ತಿದ್ದದ್ದು ಮಂಜುಗಡ್ಡೆಯ ಕೈ: ತೊಳೆದ ಕೈಗವಸಿಗೆ ಬೀಟ್‌ರೂಟ್ ನೀರು ತುಂಬಿ ಫ್ರೀಜರಿನಲ್ಲಿಟ್ಟದ್ದು. ಕೈಗವಸನ್ನು ಎಳೆದು ಕಿತ್ತರೆ ಬೆರಳು ಮುರಿಯುತ್ತದೆ, ಕತ್ತರಿಯಿಂದ ಬಿಡಿಸಬೇಕು.

ನೇರಳಾತೀತ ದೀಪದ ಕೆಳಗೆ ಟಾನಿಕ್ ವಾಟರ್ ಬಾಟಲಿ ನೀಲಿಯಾಗಿ ಹೊಳೆಯಿತು. ಅದರಲ್ಲಿರುವ ಕ್ವಿನೈನ್ ಹಾಗೆ ಹೊಳೆಯುತ್ತದಂತೆ. ಮಲೆನಾಡಿನ ಚಳಿಜ್ವರಕ್ಕೆ ನಮ್ಮಮ್ಮ ಕಣ್ಣು ಮುಚ್ಚಿ ನುಂಗುತ್ತಿದ್ದ ಆ ಕಹಿ ಕ್ವಿನೈನ್! ಅಮ್ಮನಿಗೆ ತೋರಿಸಬೇಕಿತ್ತು.

ಕಣ್ಣಿಗೆ ಬಟ್ಟೆ ಕಟ್ಟಿ ಬೋಗುಣಿಗೆ ಕೈ ಹಾಕಿಸುವ ಆಟವೂ ಇತ್ತು. ಸಿಪ್ಪೆ ಸುಲಿದ ದ್ರಾಕ್ಷಿ ಕಣ್ಣುಗುಡ್ಡೆ, ತಣ್ಣಗಾದ ನೂಡಲ್ಸ್ ಕರುಳು. ತಿನ್ನಲು ಕೊಟ್ಟದ್ದು ಬೇರೆ ದ್ರಾಕ್ಷಿ, ಚಿಕ್ಕವರಿಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಗುಂಡಗಿನ ದ್ರಾಕ್ಷಿ ಪುಟ್ಟ ಗಂಟಲಿಗೆ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ.

ಅಲರ್ಜಿಯ ಹುಡುಗ ನನ್ನ ಕೋಡುಬಳೆ ಬೆರಳು ಏಳು ತಿಂದ. ಅವನ ತಾಯಿ ಎರಡು ಸಲ ಬಂದು ಏನೇನು ಹಾಕಿದ್ದೀರೆಂದು ಕೇಳಿದಳು, ಎರಡು ಸಲವೂ ಪೂರ್ತಿ ಹೇಳಿದೆ. ಮೂರನೆಯ ಸಲ ಬಂದು ತಾನೂ ಒಂದು ತಗೊಂಡಳು.

ನಾಲ್ಕು ವರ್ಷದ ಮೊಮ್ಮಗಳದ್ದೇ ಬಿಡಿಸಲಾಗದ ಒಗಟು. ಬೆಳಿಗ್ಗೆ ಅವಳೇ ಪನೀರ್ ತುಂಡಿಗೆ ಹಿಟ್ಟಿನ ಪಟ್ಟಿಗಳನ್ನು ಬ್ಯಾಂಡೇಜಿನಂತೆ ಸುತ್ತಿ, ಕಣ್ಣಿಗೆ ಎರಡು ಕಾಳುಮೆಣಸು ಒತ್ತಿ, ಈಜಿಪ್ಟಿನ ಬಟ್ಟೆ ಸುತ್ತಿದ ಹೆಣದಂಥ ಮಮ್ಮಿ ಮಾಡಿದ್ದಳು. ಅವಳದ್ದು ಎಲ್ಲಕ್ಕಿಂತ ಘೋರವಾಗಿತ್ತು, ಒಂದು ಕಣ್ಣು ಕೆನ್ನೆಗೆ ಇಳಿದಿತ್ತು. ಮೆಣಸು ತೆಗೆಸಿ, ತಲೆಯಿಂದಲೇ ಶುರುಮಾಡಿ ನಿಶ್ಚಿಂತೆಯಾಗಿ ತಿಂದಳು. ಆದರೆ ಅವಳು ಮಲಗಿದ್ದಾಗ ಮಾಡಿದ ಆ ಮಂಜುಗಡ್ಡೆಯ ಕೈ ಕಂಡದ್ದೇ ನನ್ನ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ಪಾನಕ ಕೊನೆಗೂ ಮುಟ್ಟಲಿಲ್ಲ. ತಾನು ಮಾಡಿದ ದೆವ್ವಕ್ಕೆ ಹೆದರುವುದಿಲ್ಲ, ಬೇರೆಯವರು ಮಾಡಿದ್ದಕ್ಕೆ ಹೆದರುತ್ತಾಳೆ ಅಂದುಕೊಂಡೆ.

ಅಕ್ಟೋಬರ್ 31

ಈ ವರ್ಷ ನರಕಚತುರ್ದಶಿಯೂ ಇವತ್ತೇ. ನಸುಕಿನಲ್ಲಿ ಎದ್ದು ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಸಂಜೆ ಅದೇ ಮಕ್ಕಳು ಅಸ್ಥಿಪಂಜರ, ಬಾವಲಿಯಾಗಿ ಮನೆಮನೆ ಸುತ್ತಿ ಬಂದರು. ಚಂದ್ರನಿಲ್ಲದ ರಾತ್ರಿ. ಒಂದೇ ಮೆಟ್ಟಿಲ ಮೇಲೆ ನಮ್ಮ ಹಣತೆ, ಅವರ ಕುಂಬಳಕಾಯಿ.

ಮಲಗುವ ಮೊದಲು ಮೊಮ್ಮಗಳು ಬಾಳೆಹಣ್ಣು ಕೇಳಿದಳು. ಮಗಳು ಈ ತಿಂಗಳ ರೂಢಿಯಂತೆ ಕಣ್ಣಿಟ್ಟೇ ಕೊಟ್ಟಳು. ಪುಟ್ಟಿ ಅದನ್ನು ಸ್ವಲ್ಪ ಹೊತ್ತು ನೋಡಿ ನನ್ನ ಕೈಗಿತ್ತು, "ಕಣ್ಣು ತೆಗಿ ಅಜ್ಜಿ" ಎಂದಳು. ಅವಳೇ ಚುಚ್ಚಿದ್ದಲ್ಲವಲ್ಲ, ಅದಕ್ಕೇ ಹೆದರಿಕೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಎರಡೂ ಚಾಕೊಲೇಟ್ ಚೂರು ಕಿತ್ತು ಅವಳ ಅಂಗೈಗಿಟ್ಟೆ. ಅವನ್ನು ಮೊದಲು ತಿಂದಳು. ಹಣ್ಣಿನಲ್ಲಿ ಎರಡು ಪುಟ್ಟ ಗುಳಿ ಉಳಿದಿದ್ದವು. ಅದನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಈಗ ಅದಕ್ಕೆ ನಾನು ಕಾಣಲ್ಲ" ಎಂದು ಕಚ್ಚಿದಳು.