ಅಜ್ಜಯ್ಯನ ಲೆಕ್ಕಕ್ಕೊಂದು ಹಳೇ ಲೆನ್ಸು

ಮ್ಯಾಕ್ರೋ ಲೆನ್ಸು ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಇರುವೆಯ ಮೀಸೆ, ಹೂವಿನ ಕೇಸರ. ನನಗೆ ಬೇಕಾಗಿದ್ದು ಅಜ್ಜಯ್ಯನ ಜಮಾ-ಖರ್ಚಿನ ಪುಸ್ತಕದ ಫೋಟೋ ತೆಗೆಯಲು! ಶಾಯಿ ಮಾಸಿದೆ, ಅಂಚು ಹುಳು ತಿಂದಿದೆ. ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಹೊಲಿಗೆ ಬಿಡುತ್ತದೆ. ಚೌತಿಗೆ ಊರಿಗೆ ಹೋದಾಗ ಅದನ್ನು ತಮ್ಮನಿಗೆ ಒಪ್ಪಿಸಬೇಕು. ಅಷ್ಟರೊಳಗೆ ಎಲ್ಲ ಪುಟಗಳೂ ಆಗಬೇಕು.

ಕ್ಯಾಮೆರಾದ ಜೊತೆ ಬಂದ ಜೂಮ್ ಲೆನ್ಸಿನಲ್ಲಿ ಪುಟದ ನಡುಭಾಗ ಚೆನ್ನಾಗಿಯೇ ಬರುತ್ತದೆ. ಅಂಚಿಗೆ ಹೋದಂತೆ ಒತ್ತಕ್ಷರ ಮಸುಕು, ಗೆರೆಗಳು ಸೊಟ್ಟ. ಲೆಕ್ಕದ ಪುಸ್ತಕದಲ್ಲಿ ರೂಪಾಯಿ, ಆಣೆ, ಪೈ ಇರುವುದೇ ಬಲ ಅಂಚಿನಲ್ಲಿ ನೋಡಿ. ಕನ್ನಡದ ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಕೊಂಕು. ಅದು ಕಾಣದಿದ್ದರೆ ನನ್ನಂಥ ಬ್ಯಾಂಕಿನವನಿಗೆ ನಿದ್ದೆ ಬರುವುದುಂಟೇ?

ನಾನು ಆರಿಸಿದ್ದು ನಿಕಾನ್ ಕಂಪನಿಯ ಹಳೆಯ 55 ಮಿ.ಮೀ. ಎಫ್/3.5 ಮೈಕ್ರೋ-ನಿಕ್ಕೋರ್. ಈ ವಂಶದ ಮೊದಲ ಲೆನ್ಸು 1956ರದ್ದು. ಜಪಾನಿನ ಕಾಂಜಿ ಅಕ್ಷರಗಳ ಸಣ್ಣ ಸಣ್ಣ ಗೀಟುಗಳೂ ಮೈಕ್ರೋಫಿಲ್ಮಿನಲ್ಲಿ ಸ್ಪಷ್ಟವಾಗಿ ಬರಲಿ ಅಂತಲೇ ಮಾಡಿದ್ದು. ಕಾಂಜಿಗೆ ಆಗುವುದು ನಮ್ಮ ಒತ್ತಕ್ಷರಕ್ಕೆ ಆಗದೇ ಇರುತ್ತದೆಯೇ?

ಇದರಲ್ಲಿ ವಸ್ತುವಿನ ಅರ್ಧ ಅಳತೆಗಿಂತ ದೊಡ್ಡ ಚಿತ್ರ ಬರುವುದಿಲ್ಲ. ಆದರೆ ನನ್ನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಎ4 ಅಳತೆಯ ಪುಟಕ್ಕೆ ಬೇಕಾದದ್ದು ಸುಮಾರು ಹದಿನಾಲ್ಕರಲ್ಲಿ ಒಂದು ಪಾಲು ಮಾತ್ರ. 55 ಮಿ.ಮೀ.ಗೆ ಸುಮಾರು 80 ಸೆಂ.ಮೀ. ಎತ್ತರ ಸಾಕು. 105 ಮಿ.ಮೀ. ಕೊಂಡರೆ ಒಂದೂವರೆ ಮೀಟರ್ ಬೇಕು, ನಮ್ಮ ಮುಂಬಯಿ ಫ್ಲಾಟಿನಲ್ಲಿ ಫ್ಯಾನಿಗೇ ನೇತು ಹಾಕಬೇಕು!

ಆಮೇಲೆ ಬಂದ ಎಫ್/2.8 ಕೂಡ ಒಳ್ಳೆಯದೇ. ಆದರೆ ಅದರ ಅಪರ್ಚರ್ ಎಸಳುಗಳಿಗೆ ಎಣ್ಣೆ ಇಳಿದು ಅಂಟಿಕೊಳ್ಳುವುದು ಹೆಚ್ಚು. ಯಾವುದೇ ಹಳೇ ಲೆನ್ಸಾದರೂ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂತೆ ಕಂಡರೆ ಫಂಗಸ್. ಇಲ್ಲಿನ ಮಳೆಗಾಲಕ್ಕೆ ಅದು ಬಲು ಬೇಗ ಹಬ್ಬುತ್ತದೆ, ಬಿಟ್ಟುಬಿಡಿ.

ಫೋಟೋ ತೆಗೆಯುವಾಗ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ, ಎಫ್/8, ಎರಡು ಸೆಕೆಂಡ್ ಟೈಮರ್. ಪುಟದ ಜಾಗದಲ್ಲಿ ಮೊದಲು ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಬಂದರೆ ಕ್ಯಾಮೆರಾ ನೇರವಾಗಿದೆ ಅಂತ ಲೆಕ್ಕ.

ಈಗ ಆರು ಆರೇ, ಒಂಬತ್ತು ಒಂಬತ್ತೇ. ನಿಮ್ಮ ಅಟ್ಟದ ಮೇಲೂ ಇಂಥದ್ದೊಂದು ಗಂಟು ಇರಬಹುದು, ಈ ಮಳೆಗಾಲಕ್ಕೆ ಮುಂಚೆ ಬಿಚ್ಚಿ ನೋಡುತ್ತೀರಾ?