ಸಾವಿರ ಯೂನಿಟ್ಟಿನ ಸಂಸಾರ

ಡಲ್ಲಾಸ್ ಸುತ್ತಮುತ್ತ ಅಪಾರ್ಟ್‌ಮೆಂಟು ಹಿಡಿದವರಿಗೆ ಬೀಗದ ಕೈ ಕೊಡುವ ಮುಂಚೆ ಕೇಳುತ್ತಾರೆ: ‘ಕರೆಂಟು ಯಾರ ಹತ್ತಿರ ತಗೊಂಡಿರಿ?’ ಬೆಸ್ಕಾಂ ಬಿಟ್ಟರೆ ಬೇರೆ ಗತಿಯಿಲ್ಲ ಎಂದುಕೊಂಡು ಬೆಳೆದ ಬೆಂಗಳೂರಿನವನು ಕಣ್ಣು ಕಣ್ಣು ಬಿಡುತ್ತಾನೆ. ಟೆಕ್ಸಾಸಿನ ಬಹುಭಾಗದಲ್ಲಿ 2002ರಿಂದ ಕರೆಂಟು ಮಾರುವವರು ಹತ್ತಾರು ಮಂದಿ. ಆಸ್ಟಿನ್ನಿನವರು ಪುಣ್ಯವಂತರು, ಅಲ್ಲಿ ನಗರಾಡಳಿತದ್ದೇ ಕಂಪನಿ, ಆರಿಸುವ ತಲೆನೋವಿಲ್ಲ.

ತಮಾಷೆಯೆಂದರೆ, ಯಾರಿಂದ ಕೊಂಡರೂ ಕರೆಂಟು ಬರುವುದು ಅದೇ ತಂತಿಯಲ್ಲಿ. ಡಲ್ಲಾಸಿನಲ್ಲಿ ಕಂಬ, ತಂತಿ, ಮೀಟರು ಎಲ್ಲ ಆಂಕಾರ್ ಕಂಪನಿಯವು. ನಾವು ಆರಿಸುವುದು ಬರೀ ಲೆಕ್ಕವನ್ನು.

ಆ ಲೆಕ್ಕದ ಸೊಗಸು ನೋಡಬೇಕು. ಪ್ರತಿ ಪ್ಲಾನಿನ ವಿವರಪಟ್ಟಿಯಲ್ಲೂ 500, 1000, 2000 ಯೂನಿಟ್ಟಿಗೆ ಸರಾಸರಿ ದರ ಹಾಕಿರಲೇಬೇಕು. ಜಾಹೀರಾತಿನಲ್ಲಿ ಮಿಂಚುವುದು ನಡುವಿನದು. ಸಾವಿರ ಮುಟ್ಟಿದ ತಿಂಗಳು ನೂರು ಡಾಲರ್ ಮಾಫಿ ಎಂಬ ಷರತ್ತು ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಕೂತಿರುತ್ತದೆ. ಎಲ್ಲ ಸೇರಿ ಯೂನಿಟ್ಟಿಗೆ 18 ಸೆಂಟ್ ಎಂದಿಟ್ಟುಕೊಳ್ಳಿ. ಸಾವಿರಕ್ಕೆ 180, ಮಾಫಿ ಕಳೆದು 80 ಡಾಲರು. 990 ಉರಿಸಿದರೆ? 178 ಡಾಲರು, ಮೇಲೆ 20 ಸೆಂಟು. ಹತ್ತು ಯೂನಿಟ್ ಉಳಿಸಿದ್ದಕ್ಕೆ ದಂಡ! ತಿಂಗಳ ಕೊನೆಗೆ ಖಾಲಿ ಕೋಣೆಯಲ್ಲೂ ದೀಪ ಹಚ್ಚಿಡೋಣ ಅನ್ನಿಸುವುದು ಆಗಲೇ. ಒಂದು ಬೆಡ್‌ರೂಮಿನ ಮನೆಯಂತೂ ಬೇಸಿಗೆ ಬಿಟ್ಟರೆ ಸಾವಿರ ಮುಟ್ಟುವುದೇ ಅಪರೂಪ.

ರಾತ್ರಿ ಪುಕ್ಕಟೆ ಎಂಬ ಪ್ಲಾನೂ ಉಂಟು. ಇಬ್ಬರೂ ಹಗಲು ಆಫೀಸಿನಲ್ಲಿರುವವರಾದರೆ ಸರಿ; ಬಟ್ಟೆ ಒಗೆಯುವುದು, ಇಡ್ಲಿಗೆ ರುಬ್ಬುವುದು ಎಲ್ಲ ಒಂಬತ್ತರ ಮೇಲೆ. ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದಿಳಿದರೋ, ಲೆಕ್ಕ ಬುಡಮೇಲು. ‘ಫ್ಯಾನ್ ಸಾಕು ಕಣಪ್ಪ’ ಎಂದು ಅಪ್ಪ ಎಸಿ ಆರಿಸುತ್ತಾರೆ. ಆಗಸ್ಟಿನ ಮಧ್ಯಾಹ್ನ ಅಮ್ಮ ಸದ್ದಿಲ್ಲದೆ ಹಾಕುತ್ತಾರೆ. ಹಗಲಿನ ದರದಲ್ಲೇ ರಾತ್ರಿಯ ಪುಕ್ಕಟೆಯೂ ವಸೂಲಾಗುತ್ತದೆ.

ಇನ್ನು ಸಗಟು ದರ. ಗ್ರಿಡ್ಡಿ ಎಂಬ ಕಂಪನಿ ಅದನ್ನೇ ಮಾರುತ್ತಿತ್ತು. 2021ರ ಫೆಬ್ರವರಿಯ ಹಿಮಗಾಳಿಗೆ ಸಗಟು ದರವೇ ಯೂನಿಟ್ಟಿಗೆ 9 ಡಾಲರಿಗೆ ಏರಿತು. ಕೆಲವರಿಗೆ ಸಾವಿರಾರು ಡಾಲರ್ ಬಿಲ್ಲು. ಅದೇ ವರ್ಷ ಶಾಸನಸಭೆ ಮನೆಗಳಿಗೆ ಅಂಥ ಪ್ಲಾನನ್ನೇ ನಿಷೇಧಿಸಿತು.

ಬಾಡಿಗೆಯವರಿಗೆ ಮಾಫಿಯೂ ಬೇಡ, ಪುಕ್ಕಟೆಯೂ ಬೇಡ. ಸಪ್ಪೆಯಾದ ಸ್ಥಿರ ದರವೇ ವಾಸಿ. ನಡುವೆ ಮನೆ ಖಾಲಿ ಮಾಡಿದರೂ ಹೊಸ ವಿಳಾಸ, ಕೇಳಿದರೆ ಪುರಾವೆ ಕೊಟ್ಟರಾಯಿತು. ಕರಾರು ಮುರಿದ ದಂಡ ಹಾಕುವಂತಿಲ್ಲ. ಅವಧಿ ಮುಗಿದದ್ದು ಮರೆತು ಕೂತರೆ ಮಾತ್ರ ತಿಂಗಳ ಲೆಕ್ಕದ ದುಬಾರಿ ದರ ತಾನಾಗಿ ತಗಲಿಕೊಳ್ಳುತ್ತದೆ. ಬುದ್ಧಿವಂತರು ಆ ತಾರೀಖನ್ನು ವೀಸಾ ತಾರೀಖಿನ ಪಕ್ಕದಲ್ಲೇ ಬರೆದಿಟ್ಟಿರುತ್ತಾರೆ.