ಜ್ವರಕ್ಕೆ ರಜೆಯುಂಟೆ?

ರಜೆ ಎಂಬ ಮಾತು ನಮ್ಮಂತಹ ವಿದ್ಯಾರ್ಥಿಗಳಿಗೆ ಬಹು ಪ್ರಿಯವಾದುದು. ಪ್ರಾಂಶುಪಾಲರ ಸಹಿಯುಳ್ಳ ಸುತ್ತೋಲೆಯೊಂದು ತರಗತಿಗೆ ಬಂದಿತೆಂದರೆ, ಅದನ್ನು ಓದಿ ಹೇಳುವ ಮೊದಲೇ ಹಿಂದಿನ ಬೆಂಚುಗಳಲ್ಲಿ ಗುಸುಗುಸು ಆರಂಭವಾಗುತ್ತದೆ. ಮಳೆಗಾಲದಲ್ಲಂತೂ ಜಿಲ್ಲಾಧಿಕಾರಿಗಳ ಆದೇಶಕ್ಕಾಗಿ ನಾವು ಚಾತಕಪಕ್ಷಿಗಳಂತೆ ಕಾಯುವುದುಂಟು. ನಮ್ಮ ಅಧ್ಯಾಪಕ ಮಹನೀಯರಿಗೆ ಸಾಂದರ್ಭಿಕ ರಜೆ, ಗಳಿಕೆ ರಜೆ, ಅರ್ಧ ವೇತನ ರಜೆ ಎಂದು ಬಗೆಬಗೆಯ ರಜೆಗಳಿವೆ. ಆದರೆ ರಜೆಯೆಂಬ ಪದವೇ ನಿಘಂಟಿನಲ್ಲಿಲ್ಲದ ಉದ್ಯೋಗವೊಂದು ನಮ್ಮ ಊರಿನ ಬೀದಿಗಳಲ್ಲಿ ಹಗಲಿರುಳೂ ಓಡಾಡುತ್ತಿದೆ. ಬೆನ್ನಿಗೆ ಚೌಕಾಕಾರದ ಚೀಲವನ್ನು ಕಟ್ಟಿಕೊಂಡು, ಹಂಪನಕಟ್ಟೆಯಿಂದ ಕದ್ರಿಗೆ, ಬಿಜೈಯಿಂದ ಕಂಕನಾಡಿಗೆ ಬೈಕಿನಲ್ಲಿ ಧಾವಿಸುವ ತರುಣರನ್ನು ಕಾಣದವರು ಯಾರು? ನಮ್ಮ ಬಿರಿಯಾನಿ ಬಿಸಿಯಾಗಿ ಬಂದಿತೇ ಎಂಬುದನ್ನು ನಾವು ವಿಚಾರಿಸುತ್ತೇವೆ. ತಂದವನ ಮೈ ಬಿಸಿಯಾಗಿದೆಯೇ ಎಂದು ಕೇಳುವವರು ವಿರಳ.

ನನ್ನ ಮಿತ್ರನೊಬ್ಬನು ಈ ಕೆಲಸವನ್ನು ಮಾಡುತ್ತಾನೆ. ಬೆಳಿಗ್ಗೆ ನಮ್ಮೊಡನೆ ತರಗತಿಯಲ್ಲಿ ಕುಳಿತು ಅರ್ಥಶಾಸ್ತ್ರವನ್ನು ಕೇಳುವ ಅವನು ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ಅದೇ ಶಾಸ್ತ್ರವನ್ನು ಬೀದಿಯಲ್ಲಿ ಅಭ್ಯಾಸ ಮಾಡುತ್ತಾನೆ. ಬೈಕಿನ ಸಾಲದ ಕಂತು, ಮನೆಗೆ ಕಳುಹಿಸಬೇಕಾದ ಹಣ, ಪರೀಕ್ಷೆಯ ಶುಲ್ಕ ಇವೆಲ್ಲವೂ ಅದರಿಂದಲೇ ಹುಟ್ಟಬೇಕು. ಕಳೆದ ಮಳೆಗಾಲದಲ್ಲಿ ಅವನಿಗೆ ಡೆಂಗೆ ಜ್ವರ ಬಂದಿತು. ಮಳೆಗಾಲಕ್ಕೂ ಸೊಳ್ಳೆಗೂ ನಮ್ಮ ಊರಿಗೂ ಇರುವ ಸಂಬಂಧವನ್ನು ಮಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಅವನು ಒಂದು ವಾರ ಹಾಸಿಗೆ ಹಿಡಿದನು. ನಾನು ನೋಡಲು ಹೋದಾಗ ಅವನು ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದನು: "ಬಿದ್ದು ಕೈಯಾದರೂ ಮುರಿದಿದ್ದರೆ ಏನಾದರೂ ಸಿಗುತ್ತಿತ್ತು ಮಾರಾಯ. ಇದು ಬರೀ ಜ್ವರ."

ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಅಪಘಾತಕ್ಕೆ ವಿಮೆಯುಂಟು, ಜ್ವರಕ್ಕೆ ಏನೂ ಇಲ್ಲ. ಆ ವಾರದ ದುಡಿಮೆ ಹೋಯಿತು. ವಾರಕ್ಕೆ ಇಂತಿಷ್ಟು ಸರಬರಾಜು ಮಾಡಿದರೆ ದೊರೆಯುವ ಪ್ರೋತ್ಸಾಹಧನವೂ ಹೋಯಿತು. ಮೊದಲೇ ಆಯ್ದುಕೊಂಡಿದ್ದ ಸಮಯಗಳಿಗೆ ಹಾಜರಾಗದೆ ಇದ್ದುದರಿಂದ ಅವನ ದರ್ಜೆ ಇಳಿದು, ಹೆಚ್ಚು ಗಳಿಕೆಯ ಸಮಯಗಳು ಇತರರ ಪಾಲಾದುವು. ವೈದ್ಯರ ಚೀಟಿಯ ಚಿತ್ರವನ್ನು ಕಳುಹಿಸಿದ್ದಕ್ಕೆ, ಬೇಗನೆ ಗುಣವಾಗಲಿ ಎಂಬ ಶುಭಾಶಯ ಯಂತ್ರದಿಂದ ಬಂದಿತು. ದರ್ಜೆ ಮಾತ್ರ ಮೇಲೇರಲಿಲ್ಲ. ಎಂಟನೆಯ ದಿನ ಅವನು ತೂಗಾಡುತ್ತಲೇ ಮಳೆಯಂಗಿ ತೊಟ್ಟು ಹೊರಟನು. ಕಂತಿನ ತಾರೀಖಿಗೆ ಜ್ವರದ ಲೆಕ್ಕವಿಲ್ಲವಷ್ಟೆ!

ಇಂತಹ ಸಂಸ್ಥೆಗಳವರು ಹೇಳುವುದೊಂದುಂಟು: "ನಾವು ಯಾರನ್ನೂ ಬಲವಂತಪಡಿಸುವುದಿಲ್ಲ, ಬೇಕೆಂದಾಗ ಕೆಲಸ, ಬೇಡವೆಂದಾಗ ಬಿಡುವು." ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಬಿಡುವು ಬೇರೆ, ರಜೆ ಬೇರೆ. ರಜೆಯೆಂದರೆ ನಾನು ಇಲ್ಲದಾಗಲೂ ನನ್ನ ಸ್ಥಾನ ನನಗಾಗಿ ಇರುವುದು, ಊಟಕ್ಕೆ ಅಷ್ಟಿಷ್ಟು ಕೂಲಿ ಬರುವುದು. ಕೂಲಿಯೂ ಇಲ್ಲ, ಸ್ಥಾನವೂ ಇಲ್ಲ ಎಂದ ಮೇಲೆ ಆ ಬಿಡುವಿಗೂ ನಿರುದ್ಯೋಗಕ್ಕೂ ವ್ಯತ್ಯಾಸವೇನು?

ಕಾನೂನು ಈ ವ್ಯತ್ಯಾಸವನ್ನು ಅರಿಯದೆ ಇಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ಅಂಗಡಿಯ ನೌಕರನಿಗೆ ಕಾಯಿಲೆಗೆಂದು ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆಯನ್ನು ವಿಧಿಸಿತು. 1948ರ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮದ ಮೇರೆಗೆ 1952ರಲ್ಲಿ ಆರಂಭವಾದ ಇ.ಎಸ್.ಐ. ಯೋಜನೆಯು ಅಸ್ವಸ್ಥನಾದ ಕಾರ್ಮಿಕನಿಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇಕಡ 70ರಷ್ಟನ್ನು ಕೊಡುತ್ತದೆ. ಹಾಗಾದರೆ ನನ್ನ ಮಿತ್ರನಿಗೇಕೆ ಇವು ದೊರೆಯವು? ಏಕೆಂದರೆ ಅವನು ನೌಕರನಲ್ಲ, 'ಪಾಲುದಾರ'! ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿರಬೇಕು. ಲಾಭದಲ್ಲಿ ಪಾಲಿಲ್ಲದ, ದರವನ್ನು ಗೊತ್ತುಮಾಡುವ ಅಧಿಕಾರವಿಲ್ಲದ, ಮಳೆಯಲ್ಲಿ ಮಾತ್ರ ಪೂರ್ಣ ಪಾಲುಳ್ಳ ಪಾಲುದಾರಿಕೆಯಿದು.

ನಮ್ಮ ಕರಾವಳಿಗೆ ಈ ವಾದವೇನೂ ಹೊಸತಲ್ಲ. ಇಲ್ಲಿಯ ಮನೆಗಳ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿದ ತಾಯಂದಿರನ್ನು ನೆನೆಯಿರಿ. ಅವರು ಕಾರ್ಖಾನೆಗೆ ಬರುವವರಲ್ಲ. ಮನೆಯಲ್ಲಿ ತಮಗೆ ಬೇಕಾದಾಗ ಕಟ್ಟುವವರು. ಎಲೆ, ತಂಬಾಕು ಕೊಡುವವನು ಗುತ್ತಿಗೆದಾರ. ಆದುದರಿಂದ ಅವರು ನಮ್ಮ ಕಾರ್ಮಿಕರಲ್ಲ ಎಂಬುದೇ ಅಂದಿನ ಮಾಲಿಕರ ವಾದವೂ ಆಗಿದ್ದಿತು. ಆದರೆ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮವು ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದೇ ಕರೆದು, 20 ದಿನಗಳ ದುಡಿಮೆಗೆ ಒಂದು ದಿನದಂತೆ ವೇತನಸಹಿತ ರಜೆಯನ್ನು ವಿಧಿಸಿತು. ಮಂಗಳೂರಿನ ಹೆಸರನ್ನೇ ಹೊತ್ತ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದವರು ಅದನ್ನು ಪ್ರಶ್ನಿಸಿದಾಗ, 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಧಿನಿಯಮವನ್ನು ಎತ್ತಿಹಿಡಿಯಿತು. ಜಗಲಿಯ ಮೇಲೆ ಕುಳಿತವಳು ಕಾರ್ಮಿಕಳಾಗಬಹುದಾದರೆ ಬೈಕಿನ ಮೇಲೆ ಕುಳಿತವನು ಆಗಲಾರನೇ?

ನಮ್ಮ ಸರಕಾರ ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 2023ರಲ್ಲಿ ಇಂತಹ ಕಾರ್ಮಿಕರಿಗಾಗಿ ಜೀವವಿಮೆ 2 ಲಕ್ಷ, ಅಪಘಾತವಿಮೆ 2 ಲಕ್ಷ ರೂಪಾಯಿಗಳ ಯೋಜನೆಯನ್ನು ಸಾರಲಾಯಿತು. 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ತರುವಾಯ ಅಧಿನಿಯಮವಾಗಿ ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನು ಬಂದಿತು. ಕಾರ್ಮಿಕನಿಗೆ ಸಲ್ಲುವ ಪ್ರತಿಯೊಂದು ಪಾವತಿಯ ಮೇಲೆ ಶೇಕಡ 1ರಿಂದ 5ರವರೆಗಿನ ಕ್ಷೇಮಶುಲ್ಕವನ್ನು ಸಂಸ್ಥೆಗಳು ಕಲ್ಯಾಣನಿಧಿಗೆ ಕಟ್ಟಬೇಕು. ಸಾಮಾನ್ಯವಾಗಿ ಕಾರಣವನ್ನು ಬರೆದು ತಿಳಿಸಿ, 14 ದಿನಗಳ ಸೂಚನೆ ಕೊಡದೆ ಯಾರನ್ನೂ ತೆಗೆದುಹಾಕುವಂತಿಲ್ಲ. ಇವು ಸಣ್ಣ ಮಾತುಗಳಲ್ಲ. ಆದರೂ ಸಾವಿಗೆ, ಅಪಘಾತಕ್ಕೆ ಬೆಲೆ ಕಟ್ಟಿದಷ್ಟು ಸುಲಭವಾಗಿ ನಾವು ಒಂದು ವಾರದ ಜ್ವರಕ್ಕೆ ಬೆಲೆ ಕಟ್ಟಲಿಲ್ಲ. ಸಾವು ಒಮ್ಮೆ ಬರುವಂತಹುದು. ಜ್ವರವಾದರೋ ಪ್ರತಿ ಮಳೆಗಾಲದ ಅತಿಥಿ.

ಸಣ್ಣ ಕಾಯಿಲೆಯೆಂದು ಕಡೆಗಣಿಸಿದುದರ ಫಲವನ್ನು ಇಂಗ್ಲೆಂಡಿನವರು ಕಂಡಿದ್ದಾರೆ. ಅಲ್ಲಿ ಡಿಪಿಡಿ ಎಂಬ ಸಂಸ್ಥೆಗೆ ಪಾರ್ಸೆಲ್ ಹಂಚುತ್ತಿದ್ದ ಮಧುಮೇಹಿಯೊಬ್ಬನಿಗೆ 2017ರಲ್ಲಿ, ವೈದ್ಯರನ್ನು ಕಾಣಲು ಕೆಲಸ ತಪ್ಪಿಸಿದನೆಂದು 150 ಪೌಂಡುಗಳ ದಂಡ ಬಿದ್ದಿತು. ಮತ್ತೆ ದಂಡ ತೆರಬೇಕಾದೀತೆಂಬ ಭಯದಿಂದ ಅವನು ವೈದ್ಯರ ಭೇಟಿಗಳನ್ನು ತಪ್ಪಿಸಿದನು. 2018ರ ಜನವರಿಯಲ್ಲಿ ತೀರಿಕೊಂಡನು. ಅದೇ ವರ್ಷ ಆ ಸಂಸ್ಥೆ ದಂಡವನ್ನು ರದ್ದುಪಡಿಸಿ, ಹಂಚುವವರಿಗೆ ಕಾಯಿಲೆಯ ದಿನಗಳ ವೇತನ ಪಡೆಯುವ ಅವಕಾಶವನ್ನು ಕಲ್ಪಿಸುವುದಾಗಿ ಸಾರಿತು. ಒಂದು ಜೀವ ಹೋದ ಮೇಲೆ ಸಾಧ್ಯವಾದುದು ಮೊದಲೇ ಏಕೆ ಅಸಾಧ್ಯವಾಗಿದ್ದಿತು?

ಒಬ್ಬನೇ ಮೂರು ಸಂಸ್ಥೆಗಳಿಗೆ ದುಡಿಯುವಾಗ ರಜೆ ಕೊಡಬೇಕಾದವರು ಯಾರು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಆದರೆ ಉತ್ತರ ನಮ್ಮ ಕ್ಷೇಮಶುಲ್ಕದಲ್ಲಿಯೇ ಇದೆ. ಯಾರಿಗೆ ಎಷ್ಟು ದುಡಿದನೋ ಅವರಿಂದ ಅಷ್ಟು ನಿಧಿಗೆ ಸೇರುತ್ತದೆ. ಕಾಯಿಲೆಯ ದಿನದ ಕೂಲಿಯನ್ನು ಆ ನಿಧಿಯಿಂದ ಕೊಟ್ಟರೆ ಸಂಸ್ಥೆಗಳ ನಡುವೆ ಜಗಳವಿಲ್ಲ. ವೆನ್ಲಾಕ್ ಆಸ್ಪತ್ರೆಯ ಹೊರರೋಗಿ ಚೀಟಿಯೊಂದನ್ನು ತೋರಿಸಿದವನಿಗೆ ಆ ದಿನಗಳ ಗಳಿಕೆಯ ಅರ್ಧವಾದರೂ ಸಿಗಲಿ. ಆ ದಿನಗಳಿಗಾಗಿ ದರ್ಜೆ ಇಳಿಯದಿರಲಿ. ಇಷ್ಟನ್ನು ನಿಯಮವಾಗಿ ಬರೆಯಲು ಒಂದು ಪುಟ ಸಾಕು.

ಅದನ್ನು ಬರೆಯಿಸುವ ಹೊಣೆ ಕಲ್ಯಾಣ ಮಂಡಳಿಯ ಮೇಲೆ ಮಾತ್ರವಲ್ಲ, ಕುಳಿತಲ್ಲಿಗೇ ಊಟ ತರಿಸಿಕೊಳ್ಳುವ ನಮ್ಮ ಮೇಲೂ ಇದೆ. ಬರುವ ಜೂನ್ ತಿಂಗಳಲ್ಲಿ ಮಳೆ ತಪ್ಪದೆ ಬರುತ್ತದೆ, ಸೊಳ್ಳೆಯೂ ಬರುತ್ತದೆ. ನಿಯಮವು ಅವೆರಡಕ್ಕಿಂತ ಮೊದಲು ಬಂದರೆ ಲೇಸು.